ಎಚ್ಚರವಿರುವ ರೋಗಿ, ಮಾತನಾಡುವ ವೈದ್ಯರು

ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೃಷ್ಣರಾಜ ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರವಿರುವ ಮಿಂಟೊ ಕಣ್ಣಾಸ್ಪತ್ರೆಯು 1896ರಲ್ಲಿ ಸಣ್ಣ ಪ್ರಮಾಣದಲ್ಲಿ ಆರಂಭಗೊಂಡು, 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದಿತು. 1905ರಿಂದ 1910ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ಮಿಂಟೊ ಅವರ ಹೆಸರನ್ನು ಹೊತ್ತ ಈ ಸಂಸ್ಥೆ ಇಂದು ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆಯಾಗಿದೆ. ಇಂಥ ಸಂಸ್ಥೆಗಳ ಚರಿತ್ರೆಯನ್ನು ಕಟ್ಟಡ ಮತ್ತು ಅಧಿಕಾರಿಗಳ ಮೂಲಕ ಹೇಳುವುದು ವಾಡಿಕೆಯಾದರೂ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವರ ಕಡೆಯಿಂದ ನೋಡಿದರೆ, ವೈದ್ಯರ ಕರುಣೆ ಅವರ ಕಸುಬಿನದೇ ಒಂದು ಅಂಗವೆಂಬುದು ತಿಳಿಯುತ್ತದೆ.

ಕಣ್ಣಿನ ಪೊರೆ, ಅಂದರೆ ಕಣ್ಣೊಳಗಿನ ತಿಳಿಯಾದ ಮಸೂರವು ವಯಸ್ಸಿನಿಂದಲೋ ಸಕ್ಕರೆ ಕಾಯಿಲೆಯಿಂದಲೋ ಮಬ್ಬಾಗುವ ಸ್ಥಿತಿ. ಇದರ ಶಸ್ತ್ರಚಿಕಿತ್ಸೆ ಬಹುಪಾಲು ಕಣ್ಣಿನ ಭಾಗವನ್ನಷ್ಟೇ ಮರಗಟ್ಟಿಸುವ ಸ್ಥಳೀಯ ಅರಿವಳಿಕೆಯಲ್ಲಿ ನಡೆಯುವುದರಿಂದ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಒಂದು ಕಣ್ಣಿನಷ್ಟು ಜಾಗ ಬಿಟ್ಟು ಮುಖಕ್ಕೆಲ್ಲ ಬಟ್ಟೆ ಹೊದಿಸಿರುವಾಗ, ಮೇಲಿನ ಸೂಕ್ಷ್ಮದರ್ಶಕದ ಬೆಳಕು ಬಿಟ್ಟರೆ ಬೇರೇನೂ ಕಾಣದೆ, ಕಿವಿಯೊಂದೇ ಅವರಿಗೆ ಆಧಾರವಾಗುತ್ತದೆ. “ಅಜ್ಜಿ, ಅಲುಗಾಡಬೇಡಿ, ಕೆಮ್ಮು ಬರೋ ಹಾಗಿದ್ರೆ ಮೊದಲೇ ಹೇಳಿ, ನಿಲ್ಲಿಸ್ತೀನಿ” ಎಂಬ ಮಾತು ಸಮಾಧಾನವೂ ಹೌದು, ಮುನ್ನೆಚ್ಚರಿಕೆಯೂ ಹೌದು. ಉಪಕರಣ ಕಣ್ಣೊಳಗಿರುವಾಗ ರೋಗಿ ಹೆದರಿ ತಲೆ ಎಳೆದುಕೊಂಡರೆ ಆಗುವ ಹಾನಿ ಸಣ್ಣದಲ್ಲ. ಪೇಟೆಯ ಸುತ್ತಮುತ್ತ ಉರ್ದು, ತಮಿಳು, ತೆಲುಗು ಮನೆಮಾತಿನವರೂ ಇರುವುದರಿಂದ, ‘ಕೆಳಗೆ ನೋಡಿ’ ಎಂಬಷ್ಟನ್ನಾದರೂ ಅವರವರ ಭಾಷೆಯಲ್ಲಿ ಹೇಳಬಲ್ಲ ವೈದ್ಯರಿಗೆ ಅರ್ಧ ಕೆಲಸ ಹಗುರವಾದಂತೆಯೇ ಸರಿ.

ಕಣ್ಣೊಳಗೆ ಕೃತಕ ಮಸೂರ ಕೂರಿಸುವ ಪದ್ಧತಿ ಬಳಕೆಗೆ ಬರುವ ಮುನ್ನ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆಯ ಅಕ್ಕಪಕ್ಕ ಮರಳಿನ ಚೀಲ ಇಡಿಸಿಕೊಂಡು ದಿನಗಟ್ಟಲೆ ಅಂಗಾತ ಮಲಗಬೇಕಿದ್ದ ಕಾಲವಿತ್ತು. ಆಮೇಲೆ ಬರುತ್ತಿದ್ದದ್ದು ಸೋಡಾಬುಡ್ಡಿ ಕನ್ನಡಕ. ಈಗ ಬಹಳಷ್ಟು ಮಂದಿ ಅದೇ ದಿನ ಮನೆಗೆ ಮರಳುತ್ತಾರೆ, ಆದರೆ ಮಲಗುವ ದಿನಗಳ ಜೊತೆಗೆ ಮಾತಿನ ಬಿಡುವೂ ಕಡಿಮೆಯಾಯಿತು.

ವೇಗವಿದ್ದಲ್ಲಿ ದಯೆ ಇರದೆಂದು ಇದರಿಂದ ತೀರ್ಮಾನಿಸಲಾಗದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ (1916–2005) ಅವರು 1943ರಿಂದ ಊರೂರಿನಲ್ಲಿ ಉಚಿತ ನೇತ್ರ ಶಿಬಿರ ನಡೆಸಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಲ್ಲಿದೆ. ಅಷ್ಟು ವೇಗದ ಕೈಯನ್ನೂ ಜನ ಯಂತ್ರವೆನ್ನದೆ ‘ಕಣ್ಣು ಕೊಟ್ಟ ಅಣ್ಣ’ ಎಂದೇ ಕರೆದದ್ದಕ್ಕೆ, ಪಟ್ಟಣಕ್ಕೆ ಬರಲಾಗದವರ ಊರಿಗೆ ವೈದ್ಯರೇ ಹೋದದ್ದು ಮುಖ್ಯ ಕಾರಣವಿರಬೇಕು. ಮಲ್ಲೇಶ್ವರದ ಪಶ್ಚಿಮಕ್ಕೆ, ರಾಜಾಜಿನಗರದ ಕಡೆ, ಅವರ ಹೆಸರಿನ ಆಸ್ಪತ್ರೆ ಮತ್ತು ರಸ್ತೆ ಇವೆ.

ಶಸ್ತ್ರಚಿಕಿತ್ಸೆ ಸದಾ ಫಲಿಸುವುದಿಲ್ಲ. 2019ರ ಜುಲೈನಲ್ಲಿ ಮಿಂಟೊದಲ್ಲೇ ಪೊರೆ ತೆಗೆಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡಾಗ ಬಳಸಿದ ಔಷಧದ ಮೇಲೆ ಸಂಶಯ ಬಿದ್ದು, ಊರೇ ಕಳವಳಗೊಂಡಿತ್ತು. ಗೆದ್ದ ಶಸ್ತ್ರಚಿಕಿತ್ಸೆಯ ನಂತರದ ಸಿಹಿ ಮಾತಿಗಿಂತ, ಹೀಗೆ ಕೈಕೊಟ್ಟಾಗ ರೋಗಿಯ ಎದುರು ಕುಳಿತು ನಡೆದದ್ದನ್ನು ಮುಚ್ಚಿಡದೆ ಹೇಳುವುದೇ ಕಠಿಣವಾದ ಕರುಣೆ. ಮನೆಯ ಹಿರಿಯರನ್ನು ಕರೆದೊಯ್ಯುವವರು ಅವರ ಸಕ್ಕರೆ, ರಕ್ತದೊತ್ತಡ, ಕೆಮ್ಮಿನ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಕಣ್ಣು ಕೆಂಪಾಗಿ ನೋವು ಹೆಚ್ಚಿದರೆ ಅಥವಾ ನೋಟ ಮಂಕಾದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.