ಗೋದಲಿಯಲ್ಲಿ ಮರಡೋನಾ

ಪ್ರಶ್ನೆ: ಕ್ರಿಸ್‌ಮಸ್ ಗೋದಲಿ ಎಲ್ಲ ದೇಶಗಳಲ್ಲೂ ಒಂದೇ ಥರ ಇರುತ್ತದೆಯೇ?

ಉತ್ತರ: ಇಲ್ಲ. ಬಾಲಯೇಸು, ಮರಿಯ, ಜೋಸೆಫರು ಎಲ್ಲೆಡೆ ಇದ್ದಾರೆ. ಸುತ್ತಲಿನ ಲೋಕ ಮಾತ್ರ ಆಯಾ ನಾಡಿನದು. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯ ಪಕ್ಕ ನಿಜವಾದ ಎತ್ತು, ಕತ್ತೆಗಳನ್ನೇ ನಿಲ್ಲಿಸಿದ್ದರು.

ನೇಪಲ್ಸ್‌ನಲ್ಲಿ ಅದು ಗಿಜಿಗುಡುವ ಪೇಟೆ. ಮೀನು ಮಾರುವವರು, ಪಿಜ್ಜಾ ಬೇಯಿಸುವವರು ಎಲ್ಲರೂ ಹಾಜರು. ಸಾನ್ ಗ್ರೆಗೋರಿಯೊ ಅರ್ಮೇನೊ ಬೀದಿಯ ಅಂಗಡಿಗಳಲ್ಲಿ ಫುಟ್‌ಬಾಲ್ ತಾರೆ ಮರಡೋನಾನ ಬೊಂಬೆಯೂ ಸಿಗುತ್ತದೆ!

ಪೋಲೆಂಡ್‌ನ ಕ್ರಾಕೋವ್‌ನವರು ದನದ ಕೊಟ್ಟಿಗೆಯನ್ನೇ ಕೈಬಿಟ್ಟು, ರಟ್ಟು ಮತ್ತು ಮಿರುಗುವ ಬಣ್ಣದ ಹಾಳೆಗಳಿಂದ ತಮ್ಮೂರಿನ ಗೋಪುರಗಳನ್ನು ಹೋಲುವ ಮಹಲು ಕಟ್ಟುತ್ತಾರೆ. 2018ರಲ್ಲಿ ಈ ಕಲೆ ಯುನೆಸ್ಕೊ ಪಟ್ಟಿ ಸೇರಿತು.

ಸ್ಪೇನ್‌ನ ಕ್ಯಾಟಲೋನಿಯಾದಲ್ಲಂತೂ ಮೂಲೆಯಲ್ಲಿ ಕೆಂಪು ಟೋಪಿಯ ರೈತನೊಬ್ಬ ಬಹಿರ್ದೆಸೆಗೆ ಕುಳಿತಿರುತ್ತಾನೆ. ನೆಲಕ್ಕೆ ಗೊಬ್ಬರವಾಗಿ ಮುಂದಿನ ಬೆಳೆ ಹುಲುಸಾಗುತ್ತದೆ ಎಂದು ಅಲ್ಲಿನವರು ಅವನನ್ನು ಶುಭವೆಂದೇ ಎಣಿಸುತ್ತಾರೆ.