ಘಾಟಿ ಬಂದ್ ಆದ್ರೆ ಹಿಟ್ಟು ಏನಾಗುತ್ತೆ? ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ಓಡೋದಕ್ಕೆ ಕಾರಣ ಇಲ್ಲಿದೆ

ಕೊಟ್ಟಿಗೆಹಾರ: ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿ ಬಂದವರು ಗಾಡಿ ನಿಲ್ಲಿಸೋದು ಕೊಟ್ಟಿಗೆಹಾರದಲ್ಲೇ. ಮಂಜಿನಲ್ಲಿ ತಿರುವು ಮೇಲೆ ತಿರುವು ದಾಟಿ ಬಂದವರಿಗೆ ಬಿಸಿ ನೀರ್‌ದೋಸೆ, ಕಾಯಿ ಚಟ್ನಿ, ಒಂದು ಲೋಟ ಕಾಫಿ ಸಿಕ್ಕರೆ ಟ್ರಿಪ್ ಸಾರ್ಥಕ. ಆದರೆ ಹೋಟೆಲ್‌ನವರ ತಲೆಬಿಸಿ ಹಿಂದಿನ ರಾತ್ರಿಯೇ ಶುರುವಾಗಿರುತ್ತೆ. ನಾಳೆ ರಸ್ತೆ ಇರುತ್ತೋ ಇಲ್ವೋ ಗೊತ್ತಿಲ್ಲ, ಎಷ್ಟು ಅಕ್ಕಿ ನೆನೆಹಾಕೋದು?

ಮೂಡಿಗೆರೆ ತಾಲ್ಲೂಕಿನ ಈ ಊರು ನಿಂತಿರೋದೇ ರಸ್ತೆ ಮೇಲೆ. ಒಂದು ಕಡೆ ಬಣಕಲ್, ಮೂಡಿಗೆರೆ. ಇನ್ನೊಂದು ಕಡೆ ಘಾಟಿ ಇಳಿದರೆ ಉಜಿರೆ, ಧರ್ಮಸ್ಥಳ. ಮತ್ತೊಂದು ರಸ್ತೆ ಕಳಸ, ಹೊರನಾಡಿಗೆ. ಹೋಗಿ ಬರೋ ಗಾಡಿ ನಿಂತರೆ ವ್ಯಾಪಾರವೂ ನಿಂತಂತೆ.

ಇಲ್ಲಿ ನೀರ್‌ದೋಸೆ ಹೆಸರು ಮಾಡಿರೋದು ಬರೀ ರುಚಿಗಲ್ಲ. ಇಡ್ಲಿಗೋ ಸಾದಾ ದೋಸೆಗೋ ಉದ್ದು ಹಾಕಿ ಹಿಂದಿನ ಸಂಜೆಯೇ ರುಬ್ಬಿ ಇಡಬೇಕು. ಆಷಾಢದ ಚಳಿಗೆ ಹಿಟ್ಟು ಸರಿಯಾಗಿ ಉಬ್ಬಲ್ಲ. ಉಬ್ಬಿದರೂ ಜನ ಬರದಿದ್ದರೆ ಹುಳಿ ಬಂದು ಹಾಳು. ನೀರ್‌ದೋಸೆಗೆ ಈ ತಾಪತ್ರಯ ಇಲ್ಲ. ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಮಜ್ಜಿಗೆಯಂತೆ ತೆಳ್ಳಗೆ ಮಾಡಿದರೆ ಆಯ್ತು, ಹುದುಗು ಬೇಡ. ಬೆಳಗ್ಗೆ ಗಾಡಿ ನೋಡ್ಕೊಂಡು ಸ್ವಲ್ಪ ಸ್ವಲ್ಪವೇ ರುಬ್ಬಬಹುದು. ಕಾದ ಕಾವಲಿ ಮೇಲೆ ಹೊಯ್ದು, ಮುಚ್ಚಳ ಮುಚ್ಚಿದರೆ ಬೇಗ ಬೇಯುತ್ತೆ. ಮಗುಚಿ ಹಾಕೋ ಕೆಲಸವೂ ಇಲ್ಲ. ಒಂದೇ ಸಲಕ್ಕೆ ಎರಡು ಟೆಂಪೋ ಟ್ರಾವೆಲರ್ ಬಂದರೂ ನಿಭಾಯಿಸಬಹುದು.

ಹಾಗಂತ ಲಾಭವೋ ಲಾಭ ಅಂದ್ಕೋಬೇಡಿ. ತೆಳು ದೋಸೆ, ಒಬ್ಬರಿಗೆ ನಾಲ್ಕೈದು ಬೇಕು. ಒಲೆ ಮುಂದೆ ಒಬ್ಬರು ನಿಂತೇ ಇರಬೇಕು, ಗ್ಯಾಸ್ ಖರ್ಚು ಬೇರೆ. ಮರ ಬಿದ್ದು ಕರೆಂಟ್ ಹೋದರೆ ಗ್ರೈಂಡರ್ ತಿರುಗಲ್ಲ. ಮೆಸ್ಕಾಂನವರು ಮಳೆಯಲ್ಲೇ ಲೈನ್ ಸರಿ ಮಾಡೋವರೆಗೆ ಜನರೇಟರ್ ಇಲ್ಲದ ಸಣ್ಣ ಹೋಟೆಲ್‌ನಲ್ಲಿ ನೆನೆದ ಅಕ್ಕಿ ನೆನೆದಂತೆಯೇ ಇರುತ್ತೆ.

ಇನ್ನು ರಸ್ತೆ ವಿಷಯ. ಘಾಟಿ ರಸ್ತೆ ರಾಷ್ಟ್ರೀಯ ಹೆದ್ದಾರಿ 73ಕ್ಕೆ ಸೇರಿದ್ದು. ಅಪಾಯ ಇದ್ದಾಗ ವಾಹನ ಸಂಚಾರ ನಿಯಂತ್ರಿಸೋ ಅಧಿಕಾರವನ್ನು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಸೆಕ್ಷನ್ ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಘಾಟಿ ಎರಡು ಜಿಲ್ಲೆಗೆ ಹಂಚಿಹೋಗಿರೋದರಿಂದ ಚಿಕ್ಕಮಗಳೂರಿನ ಆದೇಶ ಮಾತ್ರ ನೋಡಿದರೆ ಸಾಲದು, ದಕ್ಷಿಣ ಕನ್ನಡದ್ದೂ ನೋಡಬೇಕು. 2019ರ ಆಗಸ್ಟ್‌ನಲ್ಲಿ ಹಲವು ಕಡೆ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಲಘು ವಾಹನ ಬಿಟ್ಟ ಮೇಲೂ ಭಾರಿ ವಾಹನಗಳಿಗೆ ನಿಷೇಧ ಬಹಳ ಕಾಲ ಇತ್ತು. ಕಾರಿನವರು ಹೆಚ್ಚಾಗಿ ಬರೋದು ಶನಿವಾರ, ಭಾನುವಾರ. ಲಾರಿಯವರು ವಾರದ ನಡುವೆಯೂ ಬರೋ ಗಿರಾಕಿ. ಅವರಿಲ್ಲದಿದ್ದರೆ ಊಟದ ಹೋಟೆಲ್ ಜೊತೆ ಪಂಕ್ಚರ್ ಅಂಗಡಿಯೂ ಖಾಲಿ.

ಇದರ ಉಲ್ಟಾ ಕೂಡ ಆಗುತ್ತೆ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆಗಿತ್ತು. ಅಲ್ಲಿ ಬಂದ್ ಅಂದ್ರೆ ಮಂಗಳೂರು ಕಡೆಯ ಸಣ್ಣ ಗಾಡಿಗಳು ಇತ್ತ ತಿರುಗುತ್ತವೆ. ಸಕಲೇಶಪುರದವರ ಗಲ್ಲಾ ಖಾಲಿ, ಇಲ್ಲಿ ಕೂರೋಕೆ ಜಾಗ ಇಲ್ಲ. ಖುಷಿಪಡೋ ವಿಷಯ ಅಲ್ಲ, ಮುಂದಿನ ವಾರ ಇದೇ ಪಾಳಿ ಇಲ್ಲಿಗೂ ಬರಬಹುದು.

ಇದರ ನಡುವೆ ವಾಟ್ಸಾಪ್ ಕಾಟ. ಹಳೇ ವರ್ಷದ ಕುಸಿತದ ವಿಡಿಯೋ ಹಾಕಿ "ಚಾರ್ಮಾಡಿ ಬಂದ್" ಅಂತ ಹರಿಬಿಟ್ಟರೆ ಸಾಕು, ಬುಕ್ ಆಗಿದ್ದ ಹೋಂಸ್ಟೇ ಕ್ಯಾನ್ಸಲ್, ತರಿಸಿಟ್ಟ ಬನ್ನು ಬ್ರೆಡ್ಡಿಗೆ ಥಂಡಿಗೆ ಬೂಸ್ಟು. ಬಂದ್ ಆದೇಶವಾಗಲಿ, ಬಂದ್ ಇಲ್ಲ ಅನ್ನೋ ಸ್ಪಷ್ಟನೆಯಾಗಲಿ, ಹಿಂದಿನ ದಿನ ಸಂಜೆಯೊಳಗೆ ಅಂಗಡಿಯವರಿಗೆ ತಲುಪಿದರೆ ಅರ್ಧ ನಷ್ಟ ತಪ್ಪುತ್ತೆ. ಗುಡ್ಡ ಹೇಳಿ ಕುಸಿಯಲ್ಲ, ಸರಿ. ಆದರೆ ಮುಂಜಾಗ್ರತೆಗೆ ರಾತ್ರಿ ಸಂಚಾರ ನಿಲ್ಲಿಸೋದನ್ನಾದರೂ ಮೊದಲೇ ಹೇಳಬಹುದಲ್ವಾ?

ಈ ವಾರಾಂತ್ಯ ಹೊರಡೋರು ಜೇಬಲ್ಲಿ ಒಂದಿಷ್ಟು ಚಿಲ್ಲರೆ ಇಟ್ಕೊಳ್ಳಿ. ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗಬಹುದು, ಆಗ ಫೋನ್‌ಪೇ ನಡೆಯಲ್ಲ. ಘಾಟಿ ಇಳಿಯೋದಿದ್ದರೆ ಕೊಟ್ಟಿಗೆಹಾರದ ಚೆಕ್‌ಪೋಸ್ಟ್‌ನಲ್ಲಿ ಕೇಳಿಕೊಂಡೇ ಹೊರಡಿ.