ಕೃಷ್ಣಗಿರಿಯ ಬಂಡೆಗಳೂ ಭೂಕಂಪದ ಸಾಕ್ಷ್ಯವೂ

ಬೆಂಗಳೂರಿನಿಂದ ಆಗ್ನೇಯಾಭಿಮುಖವಾಗಿ ಹೊರಟ ಹೆದ್ದಾರಿಯು ಅತ್ತಿಬೆಲೆಯ ಬಳಿ ಕರ್ನಾಟಕದ ಎಲ್ಲೆಯನ್ನು ದಾಟಿ, ಹೊಸೂರನ್ನು ಹಾದು, ಶೂಲಗಿರಿಯ ಗುಡ್ಡಗಳ ಮಗ್ಗುಲಲ್ಲಿ ಸಾಗಿ, ಮೈಸೂರು ಪ್ರಸ್ಥಭೂಮಿಯ ಅಂಚಿನಿಂದ ಮೆಲ್ಲಮೆಲ್ಲನೆ ಕೆಳಗಿಳಿದು ಕೃಷ್ಣಗಿರಿಯನ್ನು ಸೇರುವುದರೊಳಗಾಗಿ, ಪ್ರಯಾಣಿಕನ ಕಣ್ಣನ್ನು ತುಂಬುವುದು ಊರುಗಳಿಗಿಂತ ಹೆಚ್ಚಾಗಿ ಬಂಡೆಗಳೇ. ಒಂದರ ಹೆಗಲ ಮೇಲೊಂದು ಕುಳಿತ ಗುಂಡುಗಳು, ಬೋಳು ಬೆನ್ನಿನ ಏಕಶಿಲೆಗಳು, ನೆತ್ತಿಯ ಮೇಲೆ ಮುರುಕು ಕೋಟೆಯನ್ನು ಹೊತ್ತ ಕಡಿದಾದ ದುರ್ಗಗಳು ದಾರಿಯುದ್ದಕ್ಕೂ ಕಾಣಬರುತ್ತವೆ. ಬಾರಾಮಹಲೆಂದು ಚರಿತ್ರೆಯಲ್ಲಿ ಹೆಸರಾದ ಕೃಷ್ಣಗಿರಿಯ ಸೀಮೆಯು 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವಿನ ಕೈಬಿಟ್ಟು ಕುಂಪಣಿಯ ವಶವಾಯಿತು; ಹೊಸೂರಿನ ಮೇಲುಸೀಮೆ 1799ರಲ್ಲಿ ಅದೇ ಹಾದಿ ಹಿಡಿಯಿತು. ಅನಂತರ ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರು ಬದಲಾಗುತ್ತ ಬಂದರೂ ಹೊಸೂರು, ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆ, ತಳಿ, ಅಂಚೆಟ್ಟಿಗಳ ಹಳ್ಳಿಗಳಲ್ಲಿ ತಮಿಳು ತೆಲುಗುಗಳ ಜೊತೆಗೆ ಕನ್ನಡವೂ ಮನೆಮಾತಾಗಿಯೇ ಉಳಿದಿದೆ. ಇಂಥ ನಾಡಿಗೆ ಹೋದವರು ಕೋಟೆಯನ್ನೂ ಹೊಸೂರಿನ ಚಂದ್ರಚೂಡೇಶ್ವರನನ್ನೂ ನೋಡಿ ಬರುವುದು ವಾಡಿಕೆ. ಈ ಲೇಖನದ ಪ್ರಯೋಜನ ಅನ್ಯವಾದುದು. ಇಲ್ಲಿಯ ನೆಲವು ಆಗೊಮ್ಮೆ ಈಗೊಮ್ಮೆ ನಡುಗುವುದುಂಟೆಂಬುದನ್ನೂ, ಆ ನಡುಕದ ಕಾರಣವನ್ನು ವಿಜ್ಞಾನಿಗಳು ಹೇಗೆ ಶೋಧಿಸುತ್ತಾರೆಂಬುದನ್ನೂ ಈ ಬಂಡೆಗಳ ನಡುವೆಯೇ ನಿಂತು ವಿಚಾರಿಸುವುದು.

ಮೊದಲು ಬಂಡೆಯ ಮಾತು. ಕೃಷ್ಣಗಿರಿಯ ಸುತ್ತಮುತ್ತಣ ಯಾವುದಾದರೊಂದು ಗಣಿಯಲ್ಲಿ, ತಂತಿಗರಗಸದಿಂದ ಹೊಸದಾಗಿ ಕೊಯ್ದ ಶಿಲೆಯ ಮುಖವನ್ನು ಸಮೀಪಕ್ಕೆ ಹೋಗಿ ನೋಡಬೇಕು. ಬಿಳುಪು, ಬೂದು, ನಸುಗೆಂಪಿನ ಪಟ್ಟೆಗಳು ಒಂದನ್ನೊಂದು ತಳ್ಳಿಕೊಂಡು, ಮಡಿಸಿಕೊಂಡು, ಕೆಲವೆಡೆ ಸುರುಳಿ ಸುತ್ತಿಕೊಂಡು ಹರಿದಿರುವುದು ಕಾಣುತ್ತದೆ. ಒಂದು ಕಾಲದಲ್ಲಿ ಭೂಗರ್ಭದ ತಾಪದಲ್ಲಿ ಅರೆಗರಗಿ ಹಿಟ್ಟಿನ ಮುದ್ದೆಯಂತೆ ನಾದಿಸಿಕೊಂಡ ಈ ನೈಸ್ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಇಲ್ಲಿಂದ ದಕ್ಷಿಣಕ್ಕೆ ಧರ್ಮಪುರಿಯ ಕಡೆಗೆ ನಡೆದಂತೆಲ್ಲ ಈ ನೈಸು ಕ್ರಮವಾಗಿ ಎಣ್ಣೆಹಸುರಿನ ಮಂಕು ಬಣ್ಣದ ಚಾರ್ನಕೈಟ್ ಶಿಲೆಯಾಗಿ ಮಾರ್ಪಡುತ್ತದೆ. ಒಂದೇ ಭೂಖಂಡದ ನಡುತೊಗಲಿನಿಂದ ಅದರ ಆಳದ ಮಾಂಸಖಂಡಕ್ಕೆ ಇಳಿಯುವ ಅವಕಾಶವನ್ನು ಮೇಲ್ಮೈಯ ಮೇಲೆ ನಡೆಯುತ್ತಲೇ ಒದಗಿಸುವ ಕಾರಣದಿಂದ ಈ ಮಾರ್ಗವು ಜಗತ್ತಿನ ಭೂವಿಜ್ಞಾನಿಗಳಿಗೆಲ್ಲ ಪರಿಚಿತವಾಗಿದೆ. ಮೈಸೂರಿನ ವಿದ್ವಾಂಸರಾದ ಸಿ. ಎಸ್. ಪಿಚ್ಚಮುತ್ತು ಅವರು ಕನಕಪುರದ ಹತ್ತಿರದ ಕಬ್ಬಾಳದುರ್ಗದಲ್ಲಿ ಇದೇ ರೂಪಾಂತರವು ನಡೆಯುತ್ತಿದ್ದ ಸ್ಥಿತಿಯಲ್ಲಿಯೇ ಹೆಪ್ಪುಗಟ್ಟಿ ನಿಂತಿರುವುದನ್ನು ಗುರುತಿಸಿ 1960ರಲ್ಲಿ ಲೋಕಕ್ಕೆ ತಿಳಿಸಿದುದು ನಮ್ಮವರ ಹೆಮ್ಮೆಯ ಸಂಗತಿ. ಈ ಪುರಾತನ ಶಿಲಾಸಮೂಹವನ್ನು ಸೀಳಿಕೊಂಡು ಕರಿಯ ಡಾಲರೈಟಿನ ಡೈಕುಗಳು ಹಾದುಹೋಗಿವೆ. ವ್ಯಾಪಾರದಲ್ಲಿ ಇವಕ್ಕೆ ಕಪ್ಪು ಗ್ರಾನೈಟೆಂಬ ಹೆಸರು. ಒಂದೊಂದು ಡೈಕೂ ಹಿಂದೆಂದೋ ನೆಲ ಬಿರಿದ ಬಿರುಕಿನ ಗುರುತೇ ಆಗಿದೆ.

ಇಷ್ಟು ಗಟ್ಟಿಯಾದ, ಇಷ್ಟು ವೃದ್ಧವಾದ ನೆಲ ಅಲುಗುವುದೆಂತು ಎಂದು ಕೇಳಬಹುದು. ಅಲುಗಿದ್ದುಂಟು. 1984ರ ಮಾರ್ಚ್ 20ರಂದು ಹೊಸೂರು–ಡೆಂಕಣಿಕೋಟೆಗಳ ಪ್ರದೇಶದಲ್ಲಿ ಹುಟ್ಟಿದ, ನಾಲ್ಕೂವರೆಯ ಆಸುಪಾಸಿನ ಪರಿಮಾಣದ ಕಂಪನವು ಬೆಂಗಳೂರಿನವರೆಗೂ ಅನುಭವಕ್ಕೆ ಬಂದಿತು. ಅದಕ್ಕೂ ಮುನ್ನ, 1900ನೆಯ ಇಸವಿಯ ಫೆಬ್ರವರಿ 8ರ ನಸುಕಿನಲ್ಲಿ ಕೊಯಮತ್ತೂರು ಸೀಮೆಯಲ್ಲಿ ಸಂಭವಿಸಿದ, ಆರರ ಸಮೀಪದ ಭೂಕಂಪವು ದಕ್ಷಿಣ ದೇಶದ ಬಹುಭಾಗವನ್ನು ನಿದ್ದೆಯಿಂದೆಬ್ಬಿಸಿತ್ತು. 2001ರ ಜನವರಿ 26ರ ಭುಜ್ ದುರಂತದ ಸುದ್ದಿಯಿಂದ ದೇಶವೇ ತತ್ತರಿಸಿದ್ದಾಗ, ಮೂರು ದಿನಗಳ ತರುವಾಯ ಬೆಂಗಳೂರಿನ ನೈಋತ್ಯಕ್ಕೆ ಹುಟ್ಟಿದ 4.3ರ ಸಣ್ಣ ಕಂಪನವೊಂದು ಶಾಲೆಯ ಮಕ್ಕಳನ್ನೂ ಕಛೇರಿಯವರನ್ನೂ ಬೀದಿಗೆ ಓಡಿಸಿತು. 2021ರ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರದಲ್ಲಿ ಒಂದೇ ಬೆಳಗ್ಗೆ ಎರಡು ಬಾರಿ ನೆಲ ಅದುರಿತು. ಹಿಮಾಲಯದ ಭೂಕಂಪಗಳ ಮುಂದೆ ಇವು ಅತ್ಯಲ್ಪವೆಂಬುದು ನಿಜ. ಆದರೆ ಕಂಪನವು ವಿರಳವಾಗಿರುವ ನಾಡಿನಲ್ಲಿ ಒಂದೊಂದು ಸಣ್ಣ ಕಂಪನವೂ ಅಮೂಲ್ಯವಾದ ದಾಖಲೆಯೆಂಬುದು ನನ್ನ ದೃಢವಾದ ಅಭಿಪ್ರಾಯ; ಹಿಮಾಲಯದಲ್ಲಿ ಒಂದು ವರ್ಷದಲ್ಲಿ ದೊರೆಯುವ ಸಾಕ್ಷ್ಯವನ್ನು ಇಲ್ಲಿ ಕೂಡಿಸಲು ಹಲವು ತಲೆಮಾರುಗಳೇ ಬೇಕು.

ಈ ದಾಖಲೆಯನ್ನು ಬರೆದಿಡುವ ಮಹತ್ಕಾರ್ಯದಲ್ಲಿ ಗೌರಿಬಿದನೂರಿನ ಪಾತ್ರ ದೊಡ್ಡದು. 1960ರ ದಶಕದ ನಡುವಿನಲ್ಲಿ ನಮ್ಮ ಪರಮಾಣು ಶಕ್ತಿ ಇಲಾಖೆಯು ಬ್ರಿಟನ್ನಿನ ಸಹಕಾರದಿಂದ ಅಲ್ಲಿ ಸ್ಥಾಪಿಸಿದ, ಈಗ ಭಾಭಾ ಪರಮಾಣು ಸಂಶೋಧನ ಕೇಂದ್ರದ ಆಡಳಿತದಲ್ಲಿರುವ ಭೂಕಂಪಮಾಪಕ ವ್ಯೂಹದಲ್ಲಿ, ಒಂದನ್ನೊಂದು ಕೂಡುವ ಎರಡು ತೋಳುಗಳ ಉದ್ದಕ್ಕೂ ತೋಳಿಗೆ ಹತ್ತರಂತೆ 20 ಮಾಪಕಗಳು ಹೊಲಗಳ ನಡುವೆ ಗಟ್ಟಿನೆಲದ ಮೇಲೆ ಸದ್ದಿಲ್ಲದೆ ಕುಳಿತಿವೆ. ದೂರದೇಶಗಳಲ್ಲಿ ನೆಲದಡಿ ನಡೆಸುವ ಅಣ್ವಸ್ತ್ರ ಪರೀಕ್ಷೆಗಳನ್ನು ಪತ್ತೆಹಚ್ಚುವುದೇ ಅದರ ಮೂಲ ಉದ್ದೇಶ. ಹತ್ತಿರದ ಹಳ್ಳಿಯೊಂದರ ಅದುರುವಿಕೆಯೂ ಆ ಮಾಪಕಗಳ ಕಿವಿಯನ್ನು ತಪ್ಪಿಸಿಕೊಳ್ಳುವುದಿಲ್ಲವಾದ್ದರಿಂದ, ದಕ್ಷಿಣ ಭಾರತದ ಸಣ್ಣಪುಟ್ಟ ಕಂಪನಗಳ ಪಟ್ಟಿಯೂ ಅಲ್ಲಿಂದಲೇ ಸಿದ್ಧವಾಗುತ್ತ ಬಂದಿತು.

ಕಂಪನದ ನೆಲೆಯನ್ನು ಪತ್ತೆಹಚ್ಚುವ ಕಾರ್ಯವಿಧಾನ ಸರಳವೂ ಸುಂದರವೂ ಆದುದು. ಭೂಮಿಯೊಳಗೆ ಶಿಲೆ ಸಡಿಲಿ ಜಾರಿದ ಕ್ಷಣದಲ್ಲಿ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ಶಿಲೆಯನ್ನು ಒತ್ತುತ್ತ ಹಿಗ್ಗಿಸುತ್ತ ಸಾಗುವ ಮೊದಲಲೆಯು ನಮ್ಮ ಗಟ್ಟಿನೆಲದಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರಿನ ವೇಗದಲ್ಲಿಯೂ, ಶಿಲೆಯನ್ನು ಅಡ್ಡಡ್ಡಲಾಗಿ ಜಗ್ಗುತ್ತ ಬರುವ ಎರಡನೆಯ ಅಲೆಯು ಮೂರೂವರೆ ಕಿಲೋಮೀಟರಿನ ವೇಗದಲ್ಲಿಯೂ ಧಾವಿಸುತ್ತವೆ. ಮೊದಲನೆಯದು ಬಂದ ಎಷ್ಟು ಹೊತ್ತಿಗೆ ಎರಡನೆಯದು ಬಂದಿತೆಂದು ಅಳೆದು, ಒಂದು ಸೆಕೆಂಡಿನ ಅಂತರಕ್ಕೆ ಸರಿಸುಮಾರು 8 ಕಿಲೋಮೀಟರಿನಂತೆ ಲೆಕ್ಕ ಹಾಕಿದರೆ ಕಂಪನದ ದೂರ ತಿಳಿಯುತ್ತದೆ. ಹೊಸೂರಿನ ನೆಲ ಅದುರಿದರೆ ಗೌರಿಬಿದನೂರಿನ ರೇಖೆಯಲ್ಲಿ ಈ ಅಂತರ ಹದಿಮೂರು ಸೆಕೆಂಡಿನ ಆಸುಪಾಸು. ದೂರ ತಿಳಿದ ಮೇಲೆ ದಿಕ್ಕು ಬೇಕು. ಒಂದೇ ಅಲೆಯು ವ್ಯೂಹದ ಒಂದೊಂದು ಮಾಪಕವನ್ನು ಕಿಂಚಿತ್ ವ್ಯತ್ಯಾಸದಿಂದ ಮುಟ್ಟುವ ಕಾಲವನ್ನು ಹೋಲಿಸಿ ಅದನ್ನೂ ಪಡೆಯುತ್ತಾರೆ. ಈ ಅಲೆಗಳನ್ನು ಮಾಪಕದ ದಾಖಲೆಗಳಲ್ಲಿ ಮೊದಲು ಬೇರ್ಪಡಿಸಿ ತೋರಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಆರ್. ಡಿ. ಓಲ್ಡ್‌ಹ್ಯಾಮ್, 1897ರ ಅಸ್ಸಾಮಿನ ಮಹಾಭೂಕಂಪದ ಅಭ್ಯಾಸವೇ ಅವರನ್ನು ಆ ತಿಳಿವಿನೆಡೆಗೆ ಒಯ್ದಿತು.

ಕೃಷ್ಣಗಿರಿಯ ಮಟ್ಟಿಗೆ ಇದಕ್ಕಿಂತ ತೊಡಕಿನ ಪ್ರಶ್ನೆಯೊಂದುಂಟು. ದಿನವೂ ಸಿಡಿಮದ್ದಿನ ಸದ್ದು ಕೇಳುವ ಕಲ್ಲುಗಣಿಗಳ ನಾಡಿನಲ್ಲಿ, ಕಿಟಕಿ ಗಡಗಡಿಸಿದೊಡನೆಯೇ ಭೂಮಿಯೇ ನಡುಗಿತೋ, ಗಣಿಯಲ್ಲಿ ಮದ್ದು ಸಿಡಿಯಿತೋ ಎಂದು ನಿರ್ಣಯಿಸುವುದು ಹೇಗೆ? 2020ರ ಮೇ 20ರಂದು ಬೆಂಗಳೂರಿನವರು ಭೂಕಂಪವೆಂದು ಬೆದರಿದ ಮಹಾಶಬ್ದವು ವಾಯುಪಡೆಯ ವಿಮಾನದ್ದೆಂದು ಅನಂತರ ತಿಳಿಯಿತು. ಭೂಕಂಪಮಾಪಕಗಳ ರೇಖೆ ಅಂದು ನಿಶ್ಚಲವಾಗಿದ್ದುದೇ ಜನರಿಗೆ ಸಮಾಧಾನ ಹೇಳಲು ಅಧಿಕಾರಿಗಳಿಗೆ ಆಧಾರವಾಯಿತು. ಸಿಡಿಮದ್ದಿನ ವಿಷಯದಲ್ಲಿ ರೇಖೆ ನಿಶ್ಚಲವಾಗಿರುವುದಿಲ್ಲ, ಆದರೆ ಅದರ ಬರಹವೇ ಬೇರೆ. ಸ್ಫೋಟವು ಸುತ್ತಲಿನ ಶಿಲೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುವುದರಿಂದ ಯಾವ ಮಾಪಕದಲ್ಲಿ ನೋಡಿದರೂ ಮೊದಲ ಚಲನೆ ಹೊರಮುಖವಾಗಿಯೇ ಇರುತ್ತದೆ, ಅಡ್ಡಲೆ ದುರ್ಬಲವಾಗಿರುತ್ತದೆ, ಕೇಂದ್ರವು ನೆಲದ ಮೇಲ್ಭಾಗದಲ್ಲಿಯೇ ಇರುತ್ತದೆ. ನಿಜವಾದ ಭೂಕಂಪದಲ್ಲಾದರೋ ಶಿಲೆಯ ಎರಡು ಪಾರ್ಶ್ವಗಳು ಒಂದನ್ನೊಂದು ಉಜ್ಜಿ ಜಾರುವುದರಿಂದ ಕೆಲವು ದಿಕ್ಕಿಗೆ ನೂಕುವಿಕೆಯೂ ಕೆಲವಕ್ಕೆ ಎಳೆತವೂ ಮೊದಲು ತಲುಪುತ್ತದೆ, ಅಡ್ಡಲೆ ಬಲವತ್ತರವಾಗಿರುತ್ತದೆ. ಪರದೇಶದ ಅಣುಬಾಂಬನ್ನು ಭೂಕಂಪದಿಂದ ಬೇರ್ಪಡಿಸಲು ರೂಢಿಸಿದ ವಿವೇಚನೆಯೇ ಶೂಲಗಿರಿಯ ಗಣಿಯ ಸದ್ದನ್ನು ಡೆಂಕಣಿಕೋಟೆಯ ಭೂಕಂಪದಿಂದ ಬೇರ್ಪಡಿಸುವುದಕ್ಕೂ ಸಾಕಾಗುತ್ತದೆ.

ಮನುಷ್ಯನ ಕೈವಾಡವೂ ಭೂಮಿಯ ಸಹಜ ಒತ್ತಡವೂ ಬೆರೆತ ಮೂರನೆಯ ಬಗೆಯೂ ಈ ನೆರೆಯಲ್ಲಿದೆ. ಕೃಷ್ಣಗಿರಿಯಿಂದ ಉತ್ತರಕ್ಕೆ ಐವತ್ತು ಕಿಲೋಮೀಟರಿನೊಳಗಿರುವ ಕೋಲಾರದ ಚಿನ್ನದ ಗಣಿಗಳಲ್ಲಿ, ವಿಶೇಷವಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫಿನಲ್ಲಿ, ಅದಿರನ್ನು ತೆಗೆದು ಟೊಳ್ಳಾದ ಸುರಂಗಗಳ ಗೋಡೆಗಳು ಮೇಲಿನ ಭಾರವನ್ನು ತಾಳಲಾರದೆ ಒಮ್ಮಿಂದೊಮ್ಮೆಗೆ ಸಿಡಿಯುತ್ತಿದ್ದವು. ಗಣಿಯವರು ಏರ್ ಬ್ಲಾಸ್ಟ್ ಎಂದು ಕರೆದ ಈ ಶಿಲಾಸ್ಫೋಟಗಳಲ್ಲಿ ಪ್ರಾಣ ಕಳೆದುಕೊಂಡ ಕೂಲಿಗಳ ಪೈಕಿ ಬಾರಾಮಹಲು, ಆರ್ಕಾಟು ಸೀಮೆಗಳಿಂದ ಹೊಟ್ಟೆಪಾಡಿಗೆ ಬಂದವರು ಬಹಳ ಮಂದಿ. ನೆಲದ ಮೇಲಿನ ಮನೆಗಳೂ ಬಿರುಕುಬಿಡುತ್ತಿದ್ದ ಈ ಉತ್ಪಾತವನ್ನು ಅರಿಯುವುದಕ್ಕಾಗಿ 1978ರಲ್ಲಿ ಗಣಿಯ ಸುತ್ತ ಮಾಪಕಗಳ ಜಾಲವನ್ನು ಹಾಸಲಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಅಲ್ಲಿಯೇ ಜನ್ಮತಾಳಿತು. ಗಣಿಗಳು 2001ರಲ್ಲಿ ಮುಚ್ಚಿದವು. ಆ ಕತ್ತಲ ಸುರಂಗಗಳಲ್ಲಿ ದುಡಿದವರು ತೆತ್ತ ಬೆಲೆಯಿಂದ ನಮಗೆ ದೊರೆತ ಜ್ಞಾನವನ್ನು ಕೃತಜ್ಞತೆಯಿಲ್ಲದೆ ನೆನೆಯುವುದು ಸಾಧ್ಯವಿಲ್ಲ.

ನಡುಕದ ಮೂಲ ಕಾರಣಕ್ಕೆ ಬರೋಣ. ಭಾರತದ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಾಭಿಮುಖವಾಗಿ ಸರಿದು ಏಷ್ಯದ ಮೈಯನ್ನು ಒತ್ತುತ್ತಿದೆ. ಆ ಒತ್ತಡದ ಪ್ರತಿಫಲವೇ ಹಿಮಾಲಯ; ಆದರೆ ಅದು ಹಿಮಾಲಯದಲ್ಲಿಯೇ ಮುಗಿದುಹೋಗದೆ, ಫಲಕದ ಒಡಲೆಲ್ಲಕ್ಕೂ ಹರಡಿ, ಹಿಂದೆಂದೋ ಬಿರಿದು ಮತ್ತೆ ಬೆಸೆದುಕೊಂಡ ಹಳೆಯ ಸ್ತರಭಂಗಗಳನ್ನು ಅಪರೂಪಕ್ಕೊಮ್ಮೆ ಜಾರಿಸುತ್ತದೆ. ನೀರು ಕೂಡ ಇದಕ್ಕೆ ನೆವವಾಗಬಲ್ಲುದು. 1962ರಲ್ಲಿ ನೀರು ತುಂಬಲು ತೊಡಗಿದ ಕೊಯ್ನಾ ಜಲಾಶಯದ ಬಳಿ 1967ರ ಡಿಸೆಂಬರ್ 11ರಂದು 6.3ರ ಭೂಕಂಪವಾದುದನ್ನು ಇಂದಿಗೂ ಜಗತ್ತಿನ ವಿಜ್ಞಾನಿಗಳು ಅಭ್ಯಸಿಸುತ್ತಿದ್ದಾರೆ. ದಕ್ಷಿಣ ಪಿನಾಕಿನಿಗೆ ಅಡ್ಡಲಾಗಿ ಕಟ್ಟಿ 1957ರಲ್ಲಿ ಮುಗಿಸಿದ ಕೃಷ್ಣಗಿರಿಯ ಅಣೆಕಟ್ಟು ಕೊಯ್ನಾದಷ್ಟು ಎತ್ತರದ್ದಲ್ಲ. ಅದರ ಬಗೆಗೆ ಆ ಭೀತಿ ಬೇಕಿಲ್ಲ.

ನಮ್ಮ ದೇಶದಲ್ಲಿ ಮಾಪಕಗಳ ಇತಿಹಾಸ ನೂರಿಪ್ಪತ್ತೈದು ವರ್ಷಗಳ ಆಸುಪಾಸಿನದಷ್ಟೇ ಆಗಿರಲಾಗಿ, ಅದಕ್ಕೂ ಹಿಂದಿನದನ್ನು ಬಲ್ಲ ಸಾಕ್ಷಿಗಳಾರು? ಇಲ್ಲಿ ಕೃಷ್ಣಗಿರಿಯ ಬಂಡೆಗಳು ಮತ್ತೆ ನೆನಪಾಗುತ್ತವೆ. ಅಮೆರಿಕದ ಪಶ್ಚಿಮ ಭಾಗದ ಮರುಭೂಮಿಗಳಲ್ಲಿ ಜೇಮ್ಸ್ ಬ್ರೂನ್ ಎಂಬ ವಿಜ್ಞಾನಿ 1990ರ ದಶಕದಲ್ಲಿ, ಬೀಳುವೆನೆಂಬಂತೆ ನಿಂತ ಗುಂಡುಗಳ ಅಭ್ಯಾಸಕ್ಕೆ ತೊಡಗಿದರು. ಗುಂಡಿನ ಎತ್ತರಕ್ಕೂ ಅದು ಊರಿ ನಿಂತ ಬುಡದ ಅಗಲಕ್ಕೂ ಇರುವ ಅನುಪಾತದಿಂದ ಅದನ್ನು ಉರುಳಿಸಲು ಬೇಕಾದ ಕಂಪನದ ಬಲವನ್ನು ಗಣಿಸಬಹುದು. ವಿಶ್ವಕಿರಣಗಳು ಶಿಲೆಯಲ್ಲಿ ಉಳಿಸಿದ ಗುರುತುಗಳಿಂದ ಅದು ಎಷ್ಟು ಸಹಸ್ರ ವರ್ಷಗಳಿಂದ ಹಾಗೆ ನಿಂತಿದೆಯೆಂದೂ ಅಂದಾಜು ಮಾಡಬಹುದು. ಗುಂಡು ನಿಂತಿದೆಯೆಂದರೆ ಅಷ್ಟು ಬಲದ ಕಂಪನ ಆ ಕಾಲಾವಧಿಯಲ್ಲಿ ಆ ಸ್ಥಳಕ್ಕೆ ಬಂದಿಲ್ಲವೆಂದರ್ಥ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಜಿಲ್ಲೆಯ ಗುಡ್ಡಗಳು ತೆರೆದಿಟ್ಟ ಗ್ರಂಥಾಲಯವೇ ಸರಿ. ಮಲ್ಲಚಂದ್ರದ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನರು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಒಂದು ಚಪ್ಪಡಿಯಲ್ಲಿ ದುಂಡನೆಯ ರಂಧ್ರವನ್ನು ಕೊರೆದು, ಮೇಲೆ ಇನ್ನೊಂದನ್ನು ಹಾಸಿ ಕಟ್ಟಿದ, ಪಾಂಡವರ ಮನೆಗಳೆಂದು ಜನ ಹೇಳುವ ಕಲ್ಮನೆಗಳಿವೆ. ಗಾರೆಯಿಲ್ಲ, ಕಬ್ಬಿಣವಿಲ್ಲ, ಕಲ್ಲಿನ ಮೇಲೆ ಕಲ್ಲು ಒರಗಿದ ಭಾರವೊಂದೇ ಬಂಧನ. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಈ ಚಪ್ಪಡಿಗಳ ಪೈಕಿ ಇಂದಿಗೂ ನೆಟ್ಟಗೆ ನಿಂತಿರುವಂಥವನ್ನು ಕಂಡಾಗ ಗೌರವ ಹುಟ್ಟುತ್ತದೆ. ಆದುದರಿಂದಲೇ ಗುಡ್ಡಗಳನ್ನು ಸೀಳುವ ಅವಸರದಲ್ಲಿ ಇಂಥ ಗುಂಡುಗಳನ್ನೂ ಕಲ್ಮನೆಗಳನ್ನೂ ಉರುಳಿಸುವುದನ್ನು ಕಂಡು ಮನಸ್ಸು ನೋಯುತ್ತದೆ.

ಹಾನಿಯ ವಿಚಾರ ಉಳಿಯಿತು. ಭೂಕಂಪದ ಪರಿಮಾಣ ಒಂದೇ ಆದರೂ ಹಾನಿ ಊರಿಂದೂರಿಗೆ, ಮನೆಯಿಂದ ಮನೆಗೆ ಭಿನ್ನವಾಗಿರುತ್ತದೆ. ಅದಕ್ಕಾಗಿಯೇ ವಿಜ್ಞಾನಿಗಳು ಮಾಪಕದ ರೇಖೆಯಿಂದ ತೃಪ್ತರಾಗದೆ ಹಳ್ಳಿಹಳ್ಳಿಗೆ ಹೋಗಿ, ಪಾತ್ರೆ ಉರುಳಿತೆ, ಮಲಗಿದ್ದವರು ಎಚ್ಚೆತ್ತರೆ, ಗೋಡೆ ಎಲ್ಲಿ ಬಿರಿಯಿತು, ಬಿರುಕು ಓರೆಯಾಗಿದೆಯೋ ಅಡ್ಡವಾಗಿದೆಯೋ ಎಂದು ವಿಚಾರಿಸಿ ತೀವ್ರತೆಯ ನಕ್ಷೆಯನ್ನು ಬರೆಯುತ್ತಾರೆ. ಈ ವಿಚಾರಣೆಯಲ್ಲಿ ತಳಿಯ ರೈತನ ಮಾತಿಗೂ ಅಂಚೆಟ್ಟಿಯ ಗೃಹಿಣಿಯ ಮಾತಿಗೂ ಮಾಪಕದ ರೇಖೆಗಿರುವ ಬೆಲೆಯೇ ಉಂಟು. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ, ನಮ್ಮ ಕಲಬುರಗಿ ಬೀದರುಗಳ ನೆರೆಯಲ್ಲಿಯೇ, 6.2ರ ಭೂಕಂಪ ಸಹಸ್ರಾರು ಜನರನ್ನು ಕೊಂದಾಗ ಇದೇ ವಿಚಾರಣೆಯಿಂದ ತಿಳಿದುಬಂದುದೇನೆಂದರೆ, ಕೊಂದುದು ಮಣ್ಣಿನ ಗಾರೆಯಲ್ಲಿ ಕಾಡುಗಲ್ಲನ್ನು ಪೇರಿಸಿದ ದಪ್ಪ ಗೋಡೆಗಳೂ ಅವುಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆಯೂ ಎಂಬುದು. ಗೋಡೆಯ ಒಳಮೈ ಹೊರಮೈಗಳನ್ನು ಕೂಡಿಸುವ ಉದ್ದಗಲ್ಲುಗಳಿಲ್ಲದೆ ಅವು ಎರಡು ಸಿಪ್ಪೆಗಳಾಗಿ ಬಿರಿದುಬಿದ್ದಿದ್ದವು. ನೆಲದ ಗುಣವೂ ಮುಖ್ಯ. 1985ರಲ್ಲಿ ಮೆಕ್ಸಿಕೋ ನಗರವು ಮುನ್ನೂರು ಕಿಲೋಮೀಟರಿಗೂ ದೂರದ ಭೂಕಂಪದಿಂದ ಕುಸಿದುದಕ್ಕೆ ಅದು ಹಳೆಯ ಕೆರೆಯ ಕೆಸರಿನ ಮೇಲೆ ಕಟ್ಟಿದ ನಗರವಾಗಿದ್ದುದೇ ಕಾರಣ. ಬೆಂಗಳೂರಿನ ಮುಚ್ಚಿಹೋದ ಕೆರೆಗಳ ನೆಲವು ಕಂಪನವನ್ನು ಎಷ್ಟು ಹೆಚ್ಚಿಸಬಲ್ಲುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ಜಿ. ಸೀತಾರಾಮ್, ಪಿ. ಅನ್ಬಳಗನ್ ಮುಂತಾದವರು ಅಳೆದು ನಕ್ಷೆ ಮಾಡಿದ್ದಾರೆ. ಕೈಗಾರಿಕೆಯ ಬಲದಿಂದ ದಿನೇದಿನೇ ಬೆಳೆಯುತ್ತಿರುವ ಹೊಸೂರಿಗೂ ಅಂಥದೊಂದು ನಕ್ಷೆ ಬೇಕು. ಬಂಡೆಯ ಮೇಲೆ ಕಟ್ಟಿದ ಮನೆಗೂ ಕೆರೆಯಂಗಳದ ಹೂಳಿನ ಮೇಲೆ ಕಟ್ಟಿದ ಮನೆಗೂ ಇರುವ ಅಂತರ ಕೊಳ್ಳುವವನಿಗೆ ಮೊದಲೇ ತಿಳಿಯುವಂತಾಗಬೇಕು.

2002ರ ರಾಷ್ಟ್ರೀಯ ಮಾನಕದ ಭೂಕಂಪವಲಯಗಳ ನಕ್ಷೆಯಲ್ಲಿ ಬೆಂಗಳೂರು ಎರಡನೆಯ ವಲಯದಲ್ಲಿಯೂ ಸೇಲಂ, ವೇಲೂರುಗಳು ಅದಕ್ಕಿಂತ ಹೆಚ್ಚಿನ ಅಪಾಯದ ಮೂರನೆಯದರಲ್ಲಿಯೂ ಇವೆ. ಇವುಗಳ ನಡುವಣ ನಾಡೇ ಕೃಷ್ಣಗಿರಿ. ಇಲ್ಲಿ ಮನೆ ಕಟ್ಟುವವರು ಪಾಯದ ಮೇಲೆ, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ, ಸೂರಿನ ಕೆಳಗೆ, ಹೀಗೆ ಮೂರೆಡೆ ಗೋಡೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿಯನ್ನು ಕಡಿಯದೆ ಸುತ್ತಿಸಿದರೆ, ಕಲ್ಲುಗೋಡೆಯಾದಲ್ಲಿ ಅಗಲವನ್ನೆಲ್ಲ ವ್ಯಾಪಿಸುವ ಕಟ್ಟುಗಲ್ಲನ್ನು ಆಗಾಗ ಇಡಿಸಿದರೆ, ಮೂಲೆಗಳಿಗೆ ತೀರ ಹತ್ತಿರದಲ್ಲಿ ಕಿಟಕಿ ತೆರೆಯದಿದ್ದರೆ, ನಾಲ್ಕೂವರೆಯ ಕಂಪನವೇಕೆ, ಅದಕ್ಕಿಂತ ದೊಡ್ಡದು ಬಂದರೂ ಒಳಗಿದ್ದವರು ಹೊರಬರಲು ಅವಕಾಶ ದೊರೆಯುತ್ತದೆ. ಕಟ್ಟುಗಲ್ಲು ಇಡುವ ಕಲೆ ಈ ಸೀಮೆಯ ಹಳೆಯ ಒಡ್ಡರಿಗೆ ಚೆನ್ನಾಗಿ ತಿಳಿದಿದ್ದ ವಿದ್ಯೆಯೇ. ಪಟ್ಟಿಯ ಖರ್ಚಾದರೋ ಇಡೀ ಮನೆಯ ಖರ್ಚಿನಲ್ಲಿ ಒಂದು ಸಣ್ಣ ಪಾಲು.